ರ‍್ಯಾಪ್ ಹಾಡಿಗೆ ಮಾತ್ರೆಯ ಲೆಕ್ಕ ಬೇಡವೆ?

ಚಳ್ಳಕೆರೆ ಮೊಳಕಾಲ್ಮೂರು ತಾಲ್ಲೂಕುಗಳ ತರುಣರಲ್ಲಿ ಕೆಲವರು ರ‍್ಯಾಪ್ ಎಂಬ ಹಾಡಿನ ಜಾತಿಗೆ ಮನಸೋತಿರುವುದನ್ನು ಕಂಡು ಸಾಹಿತ್ಯಾಭಿಮಾನಿಗಳು ಎರಡು ಪಕ್ಷವಾಗಿದ್ದಾರೆ. ಅದು ಕಾವ್ಯವೇ ಅಲ್ಲ, ತಮಟೆಯ ಮೇಲೆ ಮಾಡುವ ಜಗಳ, ಕವಿಗೋಷ್ಠಿಯ ಬಾಗಿಲಿನಿಂದಾಚೆಗೆ ಅದನ್ನು ನಿಲ್ಲಿಸತಕ್ಕದ್ದು ಎಂಬುದು ಒಂದು ಪಕ್ಷ. ಎದೆಯಲ್ಲಿ ಉರಿಯಿದ್ದರೆ ಸಾಕು, ಗಣ ಪ್ರಾಸಗಳ ಮಾತೆಲ್ಲ ಪಂಡಿತರು ಹೂಡಿದ ಬೇಲಿ, ರ‍್ಯಾಪ್ ಎಂಬುದು ಆ ಬೇಲಿಯನ್ನು ಮುರಿಯುವುದಕ್ಕೆಂದೇ ಹುಟ್ಟಿತೆಂಬುದು ಇನ್ನೊಂದು ಪಕ್ಷ. ಮೇಲುನೋಟಕ್ಕೆ ಇವರು ಹಾವು ಮುಂಗುಸಿಗಳಂತೆ ತೋರಿದರೂ ಒಂದು ವಿಷಯದಲ್ಲಿ ಇಬ್ಬರಿಗೂ ಸಂಪೂರ್ಣವಾದ ಒಮ್ಮತವುಂಟು: ರ‍್ಯಾಪಿಗೂ ಛಂದಸ್ಸಿಗೂ ಸಂಬಂಧವಿಲ್ಲವೆಂಬುದೇ ಅದು. ಎರಡು ಪಕ್ಷಗಳೂ ಒಪ್ಪಿರುವ ಈ ಒಂದು ಮಾತೇ ಶುದ್ಧಾಂಗವಾಗಿ ಸುಳ್ಳಾದುದು. ಈ ಸೀಮೆಯ ತರುಣರ ಹಾಡುಗಳು ಊರ ಗಡಿ ದಾಟದೆ ಸೊರಗುತ್ತಿದ್ದರೆ ಅದಕ್ಕೆ ಭಾವದ ಬಡತನ ಕಾರಣವಲ್ಲ. ಹೇಳಬೇಕಾದ ಸಂಗತಿ ಅವರ ಬಳಿ ಬೇಕಾದಷ್ಟಿದೆ. ಕಾರಣವು ಮಾತ್ರೆಯ ಅಜ್ಞಾನ.

ಈ ಹಾಡು ಹುಟ್ಟಿದ ಬಗೆಯನ್ನು ನೋಡಿದರೆ ಸಂಗತಿ ಸ್ಪಷ್ಟವಾಗುವುದು. ೧೯೭೩ನೆಯ ಇಸವಿ ಆಗಸ್ಟ್ ೧೧ರಂದು ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದಲ್ಲಿ, ಒಂದು ವಠಾರದ ಕೂಟದಲ್ಲಿ, ಜಮೈಕಾದಿಂದ ಬಂದ ಕ್ಲೈವ್ ಕ್ಯಾಂಬೆಲ್ ಎಂಬ ತರುಣನು ಗ್ರಾಮಫೋನ್ ತಟ್ಟೆಗಳನ್ನು ನುಡಿಸಿದನು. ಜನರು ಆತನನ್ನು ಕೂಲ್ ಹರ್ಕ್ ಎಂದು ಕರೆಯುತ್ತಿದ್ದರು. ಹಾಡಿನ ನಡುವೆ ಗಾಯನವೆಲ್ಲ ನಿಂತು ಮದ್ದಲೆಯೊಂದೇ ನುಡಿಯುವ ಕ್ಷಣದಲ್ಲಿ ನರ್ತಿಸುವವರ ಉತ್ಸಾಹ ಉಕ್ಕುವುದೆಂಬುದನ್ನು ಆತನು ಗಮನಿಸಿದ್ದನು. ಒಂದೇ ಹಾಡಿನ ಎರಡು ತಟ್ಟೆಗಳನ್ನಿಟ್ಟುಕೊಂಡು ಆ ಕ್ಷಣವನ್ನೇ ಮರಳಿ ಮರಳಿ ನುಡಿಸಿ ನಿಮಿಷಗಟ್ಟಲೆ ಹಿಗ್ಗಿಸಿದನು. ಆ ಹಿಗ್ಗಿದ ತಾಳದ ಮೇಲೆ ಕೂಗಿದ ಮಾತುಗಳಿಂದ ರ‍್ಯಾಪ್ ಬೆಳೆಯಿತು. ಎಂದರೆ ಅದರಲ್ಲಿ ತಾಳವು ಮೊದಲು, ಮಾತು ಆಮೇಲೆ. ತಾಳವನ್ನು ತಿಳಿಯದೆ ಮಾತನ್ನು ಬರೆಯಹೊರಡುವವನು ಆ ಹಾಡಿನ ಹುಟ್ಟನ್ನೇ ಮರೆತವನು. ಆದರೆ ಇಲ್ಲಿ ನಡೆಯುತ್ತಿರುವುದು ಅದೇ. ಮೊದಲು ಕಾಗದದ ಮೇಲೆ ಹದಿನೈದಿಪ್ಪತ್ತು ಸಾಲು ಬರೆಯುವುದು. ಬಳಿಕ ಅಂತರ್ಜಾಲದಿಂದ ಯಾರೋ ಯಾವುದೋ ದೇಶದಲ್ಲಿ ಕಟ್ಟಿದ ಬೀಟನ್ನು ಇಳಿಸಿಕೊಳ್ಳುವುದು. ಕೊನೆಗೆ ಶೇಂಗಾ ಚೀಲಕ್ಕೆ ಕಾಯಿ ತುರುಕುವಂತೆ ಮಾತನ್ನು ಅದರೊಳಕ್ಕೆ ತುರುಕುವುದು. ಚೀಲ ಹರಿದಲ್ಲಿ ಉಸಿರು ಕಟ್ಟುತ್ತದೆ, ಸಡಿಲವಾದಲ್ಲಿ ‘ಹೇ’ ಎಂದೋ ‘ಯೋ’ ಎಂದೋ ಹುಲ್ಲು ತುಂಬುತ್ತಾರೆ.

ಈಗ ಲೆಕ್ಕವನ್ನು ನೋಡಬಹುದು. ರ‍್ಯಾಪಿನ ಒಂದು ಆವರ್ತದಲ್ಲಿ ನಾಲ್ಕು ಪೆಟ್ಟು. ಸಾಮಾನ್ಯವಾಗಿ ಮೊದಲನೆಯ ಮತ್ತು ಮೂರನೆಯ ಪೆಟ್ಟಿಗೆ ಗುಂಭವಾದ ದನಿ, ಎರಡನೆಯ ಮತ್ತು ನಾಲ್ಕನೆಯದಕ್ಕೆ ಚಟೀರೆನ್ನುವ ದನಿ. ಒಂದೊಂದು ಪೆಟ್ಟನ್ನೂ ನಾಲ್ಕು ಭಾಗ ಮಾಡಿದರೆ ಆವರ್ತಕ್ಕೆ ಹದಿನಾರು ಭಾಗಗಳು. ನಾಲ್ಕು ನಾಲ್ಕು ಮಾತ್ರೆಯ ನಾಲ್ಕು ಗಣ, ಒಟ್ಟು ಹದಿನಾರು ಮಾತ್ರೆ: ಇದು ಮಂದಾನಿಲ ರಗಳೆಯ ಒಂದು ಸಾಲಿನ ಅಳತೆಯೆಂಬುದನ್ನು ಪ್ರೌಢಶಾಲೆಯ ವ್ಯಾಕರಣ ಪುಸ್ತಕವನ್ನು ತೆರೆದ ಯಾವ ಹುಡುಗನಾದರೂ ಬಲ್ಲನು, ಬಲ್ಲನಾದರೂ ಪರೀಕ್ಷೆ ಮುಗಿದ ಮರುದಿನ ಮರೆಯುತ್ತಾನೆ. ಹರಿಹರನು ಎಂಟುನೂರು ವರ್ಷಗಳ ಹಿಂದೆ ದುಡಿಸಿದ ಅಳತೆಯೂ ಬ್ರಾಂಕ್ಸಿನ ಅಳತೆಯೂ ಒಂದೇ ಆಗಿರುವುದು ಪವಾಡವೇನಲ್ಲ. ನಾಲ್ಕರ ನಡೆ ಎಲ್ಲ ದೇಶಗಳ ಮನುಷ್ಯನಿಗೂ ಕಾಲಿನಲ್ಲಿಯೇ ಇದೆ. ನಿಮಿಷಕ್ಕೆ ತೊಂಬತ್ತು ಪೆಟ್ಟಿನ ಓಟವಿದ್ದರೆ ಸೆಕೆಂಡಿಗೆ ಆರು ಮಾತ್ರೆ ಸಲ್ಲುತ್ತದೆ. ವಾಡಿಕೆಯ ಹದಿನಾರು ಆವರ್ತಗಳ ಒಂದು ಖಂಡವು ಸುಮಾರು ನಲವತ್ತಮೂರು ಸೆಕೆಂಡಿನಲ್ಲಿ ಮುಗಿಯುತ್ತದೆ. ಇಷ್ಟನ್ನು ಬೆರಳಿನಲ್ಲಿ ಎಣಿಸಿಕೊಂಡವನಿಗೆ ಉಸಿರು ಎಲ್ಲಿ ತೆಗೆಯಬೇಕೆಂಬ ಸಮಸ್ಯೆ ಅರ್ಧ ತೀರಿತು. ಪೆಟ್ಟನ್ನು ಮೂರಾಗಿ ಒಡೆದರೆ ಸಾಲಿಗೆ ಹನ್ನೆರಡು ಮಾತ್ರೆಯ ಉತ್ಸಾಹ ರಗಳೆಯ ನಡೆ ಬರುತ್ತದೆ. ಈಚಿನ ರ‍್ಯಾಪಿನಲ್ಲಿ ಮೂರು ಮೂರಾಗಿ ಉದುರುವ ಮಾತಿನ ಓಟವೆಂದು ಹುಡುಗರು ಬೆರಗಾಗುವುದು ಇದಕ್ಕೇ. ಲಲಿತ ರಗಳೆಯ ಐದರ ನಡೆ ಮಾತ್ರ ಈ ತಾಳದೊಳಗೆ ಸುಲಭವಾಗಿ ಕೂರದು. ಅದಕ್ಕೆ ಬೇರೆ ಬೀಟನ್ನೇ ಕಟ್ಟಬೇಕು. ಕಟ್ಟಿ ನೋಡುವ ಧೈರ್ಯ ಯಾರಿಗಾದರೂ ಬಂದರೆ ಒಳ್ಳೆಯದು.

ಪ್ರಾಸದ ವಿಚಾರದಲ್ಲಿ ಆಗಿರುವ ಹಾನಿ ಇದಕ್ಕಿಂತ ಹೆಚ್ಚಿನದು. ಉದಾಹರಣೆಗಾಗಿ ಕಲ್ಪಿಸಿದ ಎರಡು ಸಾಲುಗಳಿವು:

ನನ್ನ ನೋವನ್ನು ನಾನು ಹಾಡುತ್ತೇನೆ
ಯಾರು ತಡೆದರೂ ಮುಂದೆ ಹೋಗುತ್ತೇನೆ

ಇಂಥ ಸಾಲುಗಳನ್ನು ಬರೆದವನು ಪ್ರಾಸ ಕೂಡಿತೆಂದು ಹಿಗ್ಗುತ್ತಾನೆ. ಕೂಡಿದ್ದು ಪ್ರಾಸವಲ್ಲ, ಕ್ರಿಯಾಪದದ ಪ್ರತ್ಯಯ. ಕನ್ನಡದಲ್ಲಿ ಉತ್ತಮಪುರುಷ ಏಕವಚನದ ವರ್ತಮಾನ ಕ್ರಿಯಾಪದಗಳು ಹೀಗೆಯೇ ಮುಗಿಯುವುವು. ಅವುಗಳನ್ನು ಹೊಂದಿಸುವುದಕ್ಕೆ ಕವಿಯೇ ಬೇಕೆಂದಿಲ್ಲ, ವ್ಯಾಕರಣವೇ ಸಾಕು. ಇಂಗ್ಲಿಷಿನಲ್ಲಿ ಸಾಲಿನ ತುದಿಯ ಪ್ರಾಸವನ್ನು ಹುಡುಕಿ ತರಬೇಕಾಗುತ್ತದೆ, ಆದುದರಿಂದ ಸಿಕ್ಕಾಗ ಕಿವಿಗೆ ಹಬ್ಬ. ಕನ್ನಡದಲ್ಲಿ ಕ್ರಿಯಾಪದವು ವಾಕ್ಯದ ಕೊನೆಗೇ ಬಂದು ನಿಲ್ಲುವ ಭಾಷಾಧರ್ಮವಿರುವುದರಿಂದ ತುದಿಯ ಪ್ರಾಸವು ಬೇಡವೆಂದರೂ ಬಂದು ಬೀಳುತ್ತದೆ. ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆಯೆಲ್ಲಿಯದು? ಪೂರ್ವಿಕರು ಪ್ರಾಸವನ್ನು ಸಾಲಿನ ಎರಡನೆಯ ಅಕ್ಷರದಲ್ಲಿ ಇಟ್ಟದ್ದು ಹಟಕ್ಕಾಗಿ ಅಲ್ಲ. ಕನ್ನಡದ ಪ್ರತ್ಯಯಗಳೆಲ್ಲ ಬಾಲದಲ್ಲಿರುವುವು, ಧಾತುವು ತಲೆಯಲ್ಲಿರುವುದು; ತಲೆಯಲ್ಲಿ ಹೊಂದಿಸಿದರೆ ಧಾತುವಿಗೆ ಧಾತು ತಾಕಿ ಕಿಡಿ ಹಾರುವುದೆಂಬುದನ್ನು ಅವರು ಬಲ್ಲವರಾಗಿದ್ದರು. ಸಿಂಹ, ಗಜ, ವೃಷಭ, ಶರಭ, ಅಜ, ಹಯ ಎಂದು ಆ ಪ್ರಾಸಕ್ಕೆ ಆರು ಹೆಸರುಗಳನ್ನಿಟ್ಟು, ಮೊದಲಕ್ಷರ ಹ್ರಸ್ವವೋ ದೀರ್ಘವೋ, ಬಿಂದುವುಂಟೋ ಒತ್ತಕ್ಷರವುಂಟೋ ಎಂದು ಬೇರೆ ಬೇರೆಯಾಗಿ ಕಿವಿಗೊಟ್ಟು ಕೇಳಿದವರು ಅವರು. ರ‍್ಯಾಪ್ ಬರೆಯುವವನಿಗೆ ಇದಕ್ಕಿಂತ ಹತ್ತಿರದ ಬಂಧು ಯಾವ ದೇಶದಲ್ಲಿ ಸಿಕ್ಕಾನು?

ಇಲ್ಲಿ ಒಂದು ಆಕ್ಷೇಪಣೆ ಬರುವುದುಂಟು. ಮಂಜೇಶ್ವರದ ಗೋವಿಂದ ಪೈಗಳು ೧೯೧೧ರಲ್ಲಿಯೇ ದ್ವಿತೀಯಾಕ್ಷರ ಪ್ರಾಸವನ್ನು ತ್ಯಜಿಸಿದರಲ್ಲ, ನೂರು ವರ್ಷಗಳ ಮೇಲೆ ಅದನ್ನು ಹೊರಗೆಳೆಯುವುದು ಪಳೆಯುಳಿಕೆಗೆ ಪೂಜೆ ಮಾಡಿದಂತಲ್ಲವೆ ಎಂಬುದು. ಪೈಗಳು ಪ್ರಾಸವನ್ನು ಬಿಟ್ಟದ್ದು ನಿಜ. ಅದಕ್ಕಾಗಿ ಅವರು ಬೈಸಿಕೊಂಡದ್ದೂ ನಿಜ. ಆದರೆ ಅವರು ಬಿಟ್ಟದ್ದು ಕೈಯಲ್ಲಿದ್ದುದನ್ನು. ಆಸ್ತಿಯನ್ನು ತ್ಯಾಗಮಾಡಿದವನೂ ಆಸ್ತಿಯೇ ಇಲ್ಲದವನೂ ಒಂದೇ ಚಾಪೆಯ ಮೇಲೆ ಕುಳಿತಿರಬಹುದು, ಇಬ್ಬರನ್ನೂ ಸಂನ್ಯಾಸಿಗಳೆನ್ನಲಾಗದು. ಮೇಲಾಗಿ ಅವರು ಬಿಟ್ಟದ್ದು ಓದುವ ಕವಿತೆಗಾಗಿ. ಕಣ್ಣಿನಿಂದ ಓದುವವನಿಗೆ ಪ್ರಾಸವು ಕೆಲವೆಡೆ ಹೊರೆಯಾಗಬಹುದು. ರ‍್ಯಾಪ್ ಕಿವಿಯ ಸಂಪತ್ತು. ಅಮೆರಿಕದಲ್ಲಿಯೂ ೧೯೭೯ರ ಹೊತ್ತಿಗೆ ತಟ್ಟೆಗಳಲ್ಲಿ ಬರತೊಡಗಿದ ಹಾಡುಗಳಲ್ಲಿ ಸಾಲಿನ ತುದಿಗೊಂದು ಪ್ರಾಸವಿದ್ದರೆ ಆಯಿತೆಂಬಂತಿತ್ತು. ೧೯೮೭ರಲ್ಲಿ ರಕೀಮ್ ಎಂಬಾತನು ತನ್ನ ಮೊದಲ ಸಂಪುಟದಲ್ಲಿ ಪ್ರಾಸವನ್ನು ಸಾಲಿನ ಒಡಲೊಳಕ್ಕೆ ತಂದು, ಒಂದು ಸಾಲಿನಿಂದ ಇನ್ನೊಂದಕ್ಕೆ ಉಕ್ಕಿ ಹರಿಯುವಂತೆ ಮಾಡಿದ ಮೇಲೆ ಬಳಿಕ ಬಂದವರೆಲ್ಲ ಹಳೆಯ ದಾರಿಯನ್ನು ಬಿಡಬೇಕಾಯಿತು. ಆತನು ಎಳೆತನದಲ್ಲಿ ಸ್ಯಾಕ್ಸೊಫೋನ್ ನುಡಿಸಿದವನು. ಕಿವಿಯನ್ನು ಮೊದಲು ಹದಮಾಡಿಕೊಂಡು ಬಳಿಕ ಲೇಖನಿ ಹಿಡಿದವನು.

ಒಡಲ ಪ್ರಾಸವನ್ನು ಪೆಟ್ಟಿನ ಮೇಲೆ ಕೂರಿಸುವುದು ಹೇಗೆ? ಮತ್ತೆ ಉದಾಹರಣೆಗಾಗಿಯೇ ಕಟ್ಟಿದ ನಾಲ್ಕು ಸಾಲುಗಳಿವು:

ಕಾವಲ ಬಯಲಲಿ ಹುಲ್ಲಿನ ವಾಸನೆ
ಯಾವನ ಗೋಡೆಯೊ ಸುತ್ತಲು ಬಂದಿತು
ಹಾವಿಗೆ ಹುತ್ತವು ಹಕ್ಕಿಗೆ ಕೊಂಬೆಯು
ಗೋವಿಗೆ ಕುರಿಗಳಿಗೆಲ್ಲಿದೆ ದಾರಿಯು

ಇದರಲ್ಲಿ ಕವಿತ್ವವೆಷ್ಟೆಂಬ ಪ್ರಶ್ನೆ ಬೇಡ, ಲೆಕ್ಕವಷ್ಟೇ ಪ್ರಕೃತ. ಸಾಲಿಗೆ ಹದಿನಾರು ಮಾತ್ರೆ, ಗಜಪ್ರಾಸ, ಪ್ರಾಸಾಕ್ಷರ ವಕಾರ. ಸಾಲನ್ನು ಪೆಟ್ಟಿನೊಡನೆಯೇ ಎತ್ತಿಕೊಂಡರೆ ಮೊದಲ ದೀರ್ಘಾಕ್ಷರದ ಮೇಲೆ ಪೆಟ್ಟು ಬೀಳುತ್ತದೆ, ಪ್ರಾಸವು ಅದರ ಬೆನ್ನ ಹಿಂದೆ ಮಿಡಿಯುತ್ತದೆ. ಅದೇ ದೀರ್ಘಾಕ್ಷರವನ್ನು ತಾಳಕ್ಕಿಂತ ಎರಡು ಮಾತ್ರೆ ಮುಂಚೆ ಎತ್ತಿಕೊಂಡರೆ, ಸಂಗೀತಗಾರರು ಅತೀತವೆಂದು ಹೇಳುವ ರೀತಿಯಲ್ಲಿ, ಪ್ರಾಸಾಕ್ಷರವೇ ಪೆಟ್ಟಿನ ನೆತ್ತಿಯ ಮೇಲೆ ಬಂದು ಕೂರುತ್ತದೆ. ಒಂದೇ ಸಾಲು, ಎರಡು ಬಗೆಯ ಗತ್ತು. ಬೀಟ್ ಬದಲಾಗಲಿಲ್ಲ, ಪದ ಬದಲಾಗಲಿಲ್ಲ. ಇದನ್ನು ಮಾಡಲು ಖರ್ಚಾಗುವುದು ತೊಡೆಯ ಮೇಲೆ ತಟ್ಟುವ ಅಂಗೈ ಮಾತ್ರ.

ಇನ್ನೂ ಒಂದು ಸೋಜಿಗವುಂಟು. ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನು ಈ ತಾಳಕ್ಕೆ ಹಿಡಿದು ನೋಡತಕ್ಕದ್ದು. ಅದರ ಸಣ್ಣ ಸಾಲಿಗೆ ಮೂರು ನಾಲ್ಕು, ಮೂರು ನಾಲ್ಕು ಎಂದು ಹದಿನಾಲ್ಕು ಮಾತ್ರೆ. ಎರಡು ಮಾತ್ರೆಯ ಮೌನವನ್ನು ಸೇರಿಸಿದರೆ ಒಂದು ಆವರ್ತ. ದೊಡ್ಡ ಸಾಲಿಗೆ ಇಪ್ಪತ್ತಮೂರು ಮಾತ್ರೆ. ಒಂಬತ್ತು ಮಾತ್ರೆಯ ದೀರ್ಘವಾದ ಉಸಿರನ್ನು ಸೇರಿಸಿದರೆ ಎರಡು ಆವರ್ತ. ಅರ್ಧ ಪದ್ಯಕ್ಕೆ ನಾಲ್ಕು ಆವರ್ತ, ಇಡೀ ಪದ್ಯಕ್ಕೆ ಎಂಟು, ಎರಡು ಪದ್ಯಕ್ಕೆ ಸರಿಯಾಗಿ ಹದಿನಾರು! ರ‍್ಯಾಪಿನ ಒಂದು ಖಂಡವೆಂದರೆ ಎರಡು ಭಾಮಿನಿಗಳು. ಅಷ್ಟೇ ಅಲ್ಲ. ಭಾಮಿನಿಯ ಗಣಗಳು ೧, ೪, ೮, ೧೧ನೆಯ ಮಾತ್ರೆಗಳಲ್ಲಿ ಹೆಜ್ಜೆಯಿಡುವುವು. ತಾಳದ ಪೆಟ್ಟುಗಳು ೧, ೫, ೯, ೧೩ರಲ್ಲಿ ಬೀಳುವುವು. ಮೊದಲ ಹೆಜ್ಜೆಯೊಂದನ್ನು ಬಿಟ್ಟರೆ ಮಿಕ್ಕ ಹೆಜ್ಜೆಗಳೆಲ್ಲವೂ ಪೆಟ್ಟಿಗೆ ಕೂದಲೆಳೆಯಷ್ಟು ಮುಂಚೆ, ಇಲ್ಲವೆ ಎರಡು ಪೆಟ್ಟುಗಳ ನಡುವೆ. ಮಾತು ತಾಳದೊಡನೆ ಜಗಳವಾಡುತ್ತಲೇ ಅದರ ಕೈ ಬಿಡದೆ ನಡೆಯುವ ಆ ಚಂದಕ್ಕಾಗಿ ರ‍್ಯಾಪ್ ಬರೆಯುವವರು ವರ್ಷಗಟ್ಟಲೆ ತಿಣುಕುವರು. ಹಳ್ಳಿಯ ಭಾರತವಾಚನವನ್ನು ಕೇಳಿದ ಕಿವಿಯಲ್ಲಿ ಅದು ಕಲಿಸದೆಯೇ ಕುಳಿತಿರುತ್ತದೆ.

ಹೊಲದ ಬದುವಿನ ಮೇಲೆ ಕುಳಿತಿಹ
ಕೆಲಸವಿಲ್ಲದ ಹಳ್ಳಿ ಹುಡುಗನ
ಬಲದ ಕಿವಿಯಲಿ ತಂತಿಯೆಡದಲಿ ತಾಯ ಕರೆಯಿನ್ನೂ

ಎಂದು ಅರ್ಧ ಭಾಮಿನಿಯನ್ನು ಬೀಟಿನ ಮೇಲೆ ಹೇಳಿ ನೋಡಿದರೆ ಈ ಮಾತಿನ ನಿಜ ತಿಳಿದೀತು. ಕೊನೆಯಲ್ಲಿ ಉಳಿಯುವ ಒಂಬತ್ತು ಮಾತ್ರೆಗಳನ್ನು ‘ಯೋ’ ಎಂದು ತುಂಬತಕ್ಕದ್ದಲ್ಲ. ತಾಯ ಕರೆ ಕೇಳಿಬರಬೇಕಾದದ್ದು ಆ ಮೌನದಲ್ಲಿಯೇ.

ಭಾವವಾದಿಗಳು ಕೊನೆಗೆ ಹಿಡಿಯುವ ಗುರಾಣಿಯೊಂದಿದೆ. ಕವಿರಾಜಮಾರ್ಗಕಾರನೇ ಸಾವಿರದ ನೂರು ವರ್ಷಗಳ ಹಿಂದೆ ಕನ್ನಡ ಜನರು ಓದದೆಯೇ ಕಾವ್ಯಪ್ರಯೋಗದಲ್ಲಿ ನಿಪುಣರೆಂದು ಹೊಗಳಿದ್ದಾನೆ, ಆದ್ದರಿಂದ ಕಲಿಕೆ ಬೇಡವೆಂದು ಅವರ ವಾದ. ಸಭೆಗಳಲ್ಲಿ ಈ ಮಾತಿಗೆ ಆಗಿರುವಷ್ಟು ಅಪಚಾರ ಬೇರಾವ ಮಾತಿಗೂ ಆಗಿರಲಾರದು. ಆತನು ಓದದೆ ಎಂದನೇ ಹೊರತು ಕೇಳದೆ ಎನ್ನಲಿಲ್ಲ. ಓದದೆಯೂ ನಿಪುಣರಾದವರು ಎಂಥವರೆಂಬುದನ್ನು ತೋರಿಸುವುದಕ್ಕೆ ದೂರ ಹೋಗಬೇಕಾಗಿಲ್ಲ. ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯಲ್ಲಿ ಬಾಳಿದ ದಿವಂಗತ ಸಿರಿಯಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಆಕೆಯ ನೆನಪಿನಲ್ಲಿದ್ದ ಹಾಡುಗಳ ಸಾಲುಗಳೋ ಸಾವಿರ ಸಾವಿರ. ಕೃಷ್ಣಮೂರ್ತಿ ಹನೂರರು ಅವನ್ನು ಕೇಳಿ ಬರೆದುಕೊಂಡರು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಆಕೆಗೆ ನಾಡೋಜ ಪದವಿಯನ್ನಿತ್ತಿತು. ಅಷ್ಟು ಸಾಲುಗಳನ್ನು ನೆನಪಿನಲ್ಲಿ ಹಿಡಿದು ನಿಲ್ಲಿಸುವುದು ಭಾವವೆಂದು ತಿಳಿದವನು ಒಂದು ರಾತ್ರಿ ಕುಳಿತು ಬರಿಯ ಭಾವದಿಂದ ನೂರು ಸಾಲನ್ನು ನೆನಪಿಡಲಿ, ನೋಡೋಣವಾಗಲಿ. ಹಿಡಿದು ನಿಲ್ಲಿಸುವುದು ಕಟ್ಟು: ನಡೆ, ಪ್ರಾಸ, ಮರಳಿ ಬರುವ ನುಡಿಗಟ್ಟು, ಸೊಲ್ಲು.

ಸೊಲ್ಲಿನ ವಿಚಾರವನ್ನು ತುಸು ನಿಧಾನವಾಗಿಯೇ ನೋಡಬೇಕು. ಹಟ್ಟಿಯ ಸೋಬಾನೆಯಲ್ಲಿ ಮುಮ್ಮೇಳದವಳು ಒಂದು ಸಾಲನ್ನು ಎತ್ತಿಕೊಡುತ್ತಾಳೆ, ಹಿಮ್ಮೇಳದವರು ಅದನ್ನು ಹಿಡಿದು ಹಾಡುತ್ತಾರೆ. ಅವರು ಹಾಡುವಷ್ಟು ಹೊತ್ತು ಮುಮ್ಮೇಳದವಳಿಗೆ ಉಸಿರಿಗೆ ಬಿಡುವು, ಮುಂದಿನ ಸಾಲನ್ನು ಹೊಂಚಿಕೊಳ್ಳಲು ಅವಕಾಶ; ಕೇಳುವವರಿಗೆ ಕೇಳಿದ್ದು ಗಟ್ಟಿಯಾಗುವ ಅವಕಾಶ. ಒಂದೇ ಸಾಧನದಿಂದ ಮೂರು ಕೆಲಸ. ತ್ರಿಪದಿಯನ್ನು ಹಾಡುವಾಗ ಎರಡನೆಯ ಸಾಲಿನ ಮೊದಲ ಭಾಗವನ್ನು ಮರಳಿ ಹಾಡಿ ಮೂರು ಸಾಲನ್ನು ನಾಲ್ಕು ಮಾಡುವುದೂ ಇಂಥದೇ ಜಾಣ್ಮೆ. ಬರೆದ ತ್ರಿಪದಿ ಹನ್ನೊಂದು ಗಣಗಳ ಕುಂಟು ಆಕೃತಿ. ಹಾಡಿದ ತ್ರಿಪದಿ ತಾಳಕ್ಕೆ ಸಮನಾದ ಪೂರ್ಣಾಕೃತಿ. ಅದರ ಅಂಶಗಣಗಳು ಮಾತ್ರಾಗಣಗಳಂತೆ ಬಿಗಿಯಲ್ಲ. ಒಂದು ಅಕ್ಷರವನ್ನು ಎಳೆಯಬಹುದು, ಎರಡನ್ನು ಒಂದರ ಜಾಗದಲ್ಲಿ ಒತ್ತಬಹುದು. ಹುಡುಗರು ಫ್ಲೋ ಎಂದು ಹೇಳಿಕೊಳ್ಳುವುದು ಇದನ್ನಲ್ಲದೆ ಮತ್ತೇನನ್ನು? ಅಜ್ಜಿಗೆ ಬರುವುದನ್ನು ಮೊಮ್ಮಗನು ಸಾಗರದಾಚೆಯವರಿಂದ ಕಲಿಯುತ್ತಿದ್ದಾನೆ. ಕಲಿಯಲಿ, ದೋಷವಿಲ್ಲ, ಆದರೆ ಅಜ್ಜಿಯ ಮುಂದೆ ಅದನ್ನು ಹೊಸದೆಂದು ಹೇಳದಿರಲಿ.

ರ‍್ಯಾಪಿನ ಸೊಲ್ಲು ಎಂದರೆ ಹುಕ್ ಎನ್ನುವ ಎಂಟು ಆವರ್ತಗಳ ಭಾಗ. ಬಹುಪಾಲು ಹಾಡುಗಳಲ್ಲಿ ಅದು ಬರೆದವನ ಹೆಸರನ್ನೋ ಊರಿನ ಹೆಸರನ್ನೋ ನಾಲ್ಕು ಬಾರಿ ಕೂಗುವ ಜಾಗವಾಗಿ ಹಾಳುಬಿದ್ದಿದೆ. ಮರಳಿ ಬರುವ ಮಾತು ಮರಳುವಾಗ ಬೇರೆ ಅರ್ಥವನ್ನು ಹೊತ್ತು ತರದಿದ್ದರೆ ಅದು ಮರಳುವುದೇಕೆ? ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಚಳ್ಳಕೆರೆಯೂ ಒಂದು. ‘ಮಳೆ ಬಂದಿಲ್ಲ’ ಎಂಬ ಮೂರು ಗೇಣಿನ ಸೊಲ್ಲು ಮೊದಲ ಸಲ ಶೇಂಗಾ ಹೊಲದ ಮೇಲೆ ಕೇಳಿಸಲಿ. ಎರಡನೆಯ ಸಲ ಬೆಂಗಳೂರಿನ ಬಸ್ಸು ಹತ್ತುವ ಅಣ್ಣನ ಬಾಯಲ್ಲಿ ಕೇಳಿಸಲಿ. ಮೂರನೆಯ ಸಲ, ಬೆಂಗಳೂರಿನ ಚರಂಡಿ ಉಕ್ಕುವ ಮಳೆಯಲ್ಲಿ ನೆನೆಯುತ್ತ ಆತನೇ ಊರಿಗೆ ಫೋನು ಮಾಡಿದಾಗ ಆಚೆಯಿಂದ ತಾಯಿಯ ಉತ್ತರವಾಗಿ ಬರಲಿ. ಪದ ಅದೇ, ಕೇಳುವವನ ಗಂಟಲು ಕಟ್ಟುವುದು ಮೂರನೆಯ ಸಲಕ್ಕೆ. ಕಟ್ಟು ಎಂದರೆ ಇದು.

ಮಾತ್ರೆ ಕಲಿಯಲಿ ಎಂದು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ಮಾತ್ರೆಯ ಮೇಲಿನ ಮೋಹವಲ್ಲ, ಹೇಳಬೇಕಾದ ಸಂಗತಿಗಳ ತೂಕ. ಕುದಾಪುರ ಉಳ್ಳಾರ್ತಿಗಳ ಸುತ್ತಿನ ಅಮೃತಮಹಲ್ ಕಾವಲಿನಲ್ಲಿ ಸುಮಾರು ೧೦,೦೦೦ ಎಕರೆ ಹುಲ್ಲುಗಾವಲು ಈ ಶತಮಾನದ ಮೊದಲೆರಡು ದಶಕಗಳಲ್ಲಿ ವಿಜ್ಞಾನ, ರಕ್ಷಣೆ, ಅಣುಶಕ್ತಿಗಳ ಸಂಸ್ಥೆಗಳ ಪಾಲಾಯಿತು. ಅದರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯೊಂದಕ್ಕೇ ೧,೫೦೦ ಎಕರೆ. ದನಕುರಿಗಳ ಹಾದಿಗೆ ಗೋಡೆ ಅಡ್ಡ ಬಂದಿತು, ಕಂಬಳಿ ನೇಯುವವರ ಉಣ್ಣೆಗೆ ಕುತ್ತು ಬಂದಿತು, ಹಸಿರು ನ್ಯಾಯಪೀಠದವರೆಗೆ ವ್ಯಾಜ್ಯ ಹೋಯಿತು. ದೇಶಕ್ಕೆ ವಿಜ್ಞಾನವೂ ಬೇಕು, ಕುರಿಗೆ ಮೇವೂ ಬೇಕು. ಇವೆರಡರ ನಡುವಿನ ಇಕ್ಕಟ್ಟನ್ನು ನ್ಯಾಯಾಲಯದ ಭಾಷೆಯಲ್ಲಿ ಹೇಳಿದ್ದಾಯಿತು, ವೃತ್ತಪತ್ರಿಕೆಯ ಭಾಷೆಯಲ್ಲಿ ಹೇಳಿದ್ದಾಯಿತು. ಗೋಡೆಯ ಆಚೆ ಕೆಲಸ ಸಿಕ್ಕೀತೆಂದು ಕಾದು ಕುಳಿತ, ಈಚೆ ಅಪ್ಪನ ಕುರಿಗಳನ್ನು ಕಾಯುತ್ತಿರುವ ಹುಡುಗನೊಬ್ಬನೇ ಹೇಳಬಹುದಾದ ಭಾಷೆಯೊಂದು ಉಳಿದಿದೆ. ಆತನು ‘ಹೋರಾಡುತ್ತೇನೆ, ಗೆಲ್ಲುತ್ತೇನೆ’ ಎಂದು ಕೂಗಿ ಮುಗಿಸಿದರೆ ಒಂದು ದೊಡ್ಡ ಕಥೆ ಒಂದು ಚಿಕ್ಕ ಸದ್ದಿನಲ್ಲಿ ತೀರಿಹೋಗುತ್ತದೆ. ತಮಿಳುನಾಡಿನ ಅರಿವು ಎಂಬ ತರುಣನು ೨೦೨೧ರಲ್ಲಿ, ಚಹಾ ತೋಟದಲ್ಲಿ ದುಡಿದು ಬಂದ ತನ್ನ ಅಜ್ಜಿಯ ಬಾಳನ್ನೂ ಒಪ್ಪಾರಿಯೆಂಬ ಶೋಕಗೀತದ ದಾಟಿಯನ್ನೂ ಹಿಡಿದು ಹಾಡಿದ ಹಾಡನ್ನು ಭಾಷೆಯರಿಯದ ದೇಶಗಳೂ ಕೇಳಿದುವು. ಭೂಮಿ ಕಳೆದುಕೊಂಡವರ ಹಾಡು ಅದು. ಕರ್ಣಾಟಕದಲ್ಲಿಯೂ ಚಂದನ್ ಶೆಟ್ಟಿ, ಆಲ್ ಓಕೆ ಮೊದಲಾದವರ ಹಾಡುಗಳಿಂದ ರ‍್ಯಾಪ್ ಎಂಬ ಹೆಸರು ಮನೆಮನೆಗೆ ಮುಟ್ಟಿದೆ; ಆದರೆ ನಗರದ ಪಾನಗೋಷ್ಠಿಯ ಉಲ್ಲಾಸವನ್ನು ಹಟ್ಟಿಯ ಹುಡುಗನು ಎರವಲು ತಂದು ಹಾಡಿದರೆ ಅದು ಎರಡು ಕಡೆಗೂ ಸಲ್ಲದು.

ಹಟ್ಟಿಯ ಸತ್ತ್ವವನ್ನು ತರುವುದೆಂದರೆ ಉರುಮೆಯ ದನಿಯನ್ನು ಹತ್ತು ಸೆಕೆಂಡು ಮುದ್ರಿಸಿಕೊಂಡು ಹಾಡಿನ ತಲೆಗೆ ಅಂಟಿಸುವುದೆಂದು ಕೆಲವರು ತಿಳಿದಿದ್ದಾರೆ. ಜಾನಪದ ಬೆರಕೆ ಎಂದು ಅದಕ್ಕೆ ಹೆಸರು. ಹತ್ತು ಸೆಕೆಂಡಾದ ಮೇಲೆ ಉರುಮೆ ಓಡಿಹೋಗುತ್ತದೆ, ಯಂತ್ರದ ಬೀಟ್ ಬಂದು ಕೂರುತ್ತದೆ. ಮದುವೆ ಮನೆಯ ಬಾಗಿಲವರೆಗೆ ವಾದ್ಯದವರನ್ನು ನಡೆಸಿಕೊಂಡು ಬಂದು ಊಟಕ್ಕೆ ಮಾತ್ರ ಕರೆಯದವರ ನಡತೆ ಇದು. ಉರುಮೆಯ ಒಂದು ಮೊಗವನ್ನು ಬಡಿಯುವರು, ಇನ್ನೊಂದನ್ನು ಬಾಗಿದ ಕೋಲಿನಿಂದ ಉಜ್ಜುವರು. ಉಜ್ಜಿದಾಗ ಏಳುವ ನರಳಿಕೆಯಂಥ ದನಿಗೆ ಪೆಟ್ಟಿನ ಅಂಚಿಲ್ಲ, ಅದು ಪೆಟ್ಟಿನಿಂದ ಪೆಟ್ಟಿಗೆ ಜಾರುತ್ತದೆ. ಆ ಜಾರಿಕೆಯ ಮೇಲೆ ದೀರ್ಘಾಕ್ಷರವನ್ನು ತೇಲಿಬಿಡಬಹುದೆಂದು ಯೋಚಿಸಿ ಬರೆದವನು ಉರುಮೆಯನ್ನು ಬಳಸಿದವನು. ಮಿಕ್ಕವನು ಅದನ್ನು ತೋರಣ ಕಟ್ಟಿದವನು.

ಇಲ್ಲಿ ಮರೆಮಾಚಲಾಗದ ಒಂದು ಕಷ್ಟವಿದೆ. ಉರುಮೆ ತಮಟೆಗಳನ್ನು ತಲೆತಲಾಂತರದಿಂದ ನುಡಿಸಿದವರು ದೇವರ ಮುಂದೆ ನುಡಿಸಿಯೂ ಗುಡಿಯ ಹೊರಗೆ ನಿಂತವರು. ಅವರ ಮಕ್ಕಳಲ್ಲಿ ಯಾರಾದರೂ ಆ ವಾದ್ಯವನ್ನು ಮುಟ್ಟಲೊಲ್ಲೆ, ಅದರಲ್ಲಿ ಕೇಳಿಸುವುದು ಸಂಗೀತವಲ್ಲ, ಬಿಟ್ಟಿಚಾಕರಿ ಎಂದರೆ ಅದಕ್ಕೆ ಎದುರಾಡುವ ಅಧಿಕಾರ ಗುಡಿಯ ಒಳಗೆ ನಿಂತು ಕೇಳಿದವರಿಗಿಲ್ಲ. ಪರಂಪರೆಯನ್ನು ಉಳಿಸಿರೆಂದು ಅವರಿಗೇ ಉಪದೇಶಿಸುವುದು ನಾಚಿಕೆಗೇಡು. ಆದರೆ ನಡೆ ಬೇರೆ, ಚರ್ಮ ಬೇರೆ. ವಾದ್ಯವನ್ನು ಕೆಳಗಿಟ್ಟವನು ಅದರ ಲೆಕ್ಕವನ್ನು ಕೆಳಗಿಡಬೇಕಾಗಿಲ್ಲ. ಆ ಲೆಕ್ಕವು ಅವನ ತಾತನ ಸ್ವಂತ ದುಡಿಮೆ, ಯಾರ ಭಿಕ್ಷೆಯೂ ಅಲ್ಲ. ಬ್ರಾಂಕ್ಸಿನ ತರುಣರೂ ಕೈಯಲ್ಲಿ ವಾದ್ಯವಿಲ್ಲದೆ ತಟ್ಟೆಯಿಂದಲೇ ಮದ್ದಲೆಯನ್ನು ಕಟ್ಟಿದವರಲ್ಲವೆ?

ಇನ್ನು ಬಾಗಿಲು ಕಾಯುತ್ತಿರುವ ಪಂಡಿತಪಕ್ಷದವರಿಗೆ ಎರಡು ಮಾತು. ಹೊರಗಿನ ಕಟ್ಟಳೆಯೊಂದು ಒಳಗೆ ಬಂದರೆ ಕನ್ನಡ ಕೆಡುವುದೆಂದು ಅವರು ಅಂಜುತ್ತಾರೆ. ಮೊಳಕಾಲ್ಮೂರಿನ ಬ್ರಹ್ಮಗಿರಿಯಲ್ಲಿ, ಸಿದ್ದಾಪುರದಲ್ಲಿ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳನ್ನು ರೈಸ್ ಸಾಹೇಬರು ೧೮೯೨ರಲ್ಲಿ ಕಂಡುಹಿಡಿದರಷ್ಟೆ. ಅಲ್ಲಿ ಚಪಡನೆಂಬ ಲಿಪಿಕಾರನು ವಾಯವ್ಯದ ಗಾಂಧಾರದ ಕಡೆ ಬಳಕೆಯಲ್ಲಿದ್ದ ಖರೋಷ್ಠಿಯಲ್ಲಿ ಒಂದು ಪದವನ್ನು ಕೆತ್ತಿ ಹೋಗಿದ್ದಾನೆ. ಎರಡು ಸಾವಿರದ ಇನ್ನೂರು ವರ್ಷಗಳಿಂದ ಆ ಪದ ಈ ಸೀಮೆಯ ಬಂಡೆಯ ಮೇಲಿದೆ, ಬಂಡೆ ಒಡೆದಿಲ್ಲ. ಹತ್ತಿರದ ದೃಷ್ಟಾಂತವೇ ಬೇಕೆಂದರೆ ೧೯೨೬ರಲ್ಲಿ ಬಂದ ಶ್ರೀಯವರ ‘ಇಂಗ್ಲಿಷ್ ಗೀತಗಳು’ ಇದೆ. ಇಂಗ್ಲಿಷ್ ಕವಿತೆಯ ನಡೆಯನ್ನು ಕಣ್ಣಿನಿಂದ ನಕಲು ಮಾಡದೆ, ಮೂರು ನಾಲ್ಕು ಐದರ ಕನ್ನಡ ಮಾತ್ರಾಗಣಗಳನ್ನು ಹೊಸದಾಗಿ ಜೋಡಿಸಿ ಆ ಪರಿಣಾಮವನ್ನು ಅವರು ಸಾಧಿಸಿದರು. ಅಂದು ಬಾಗಿಲು ಕಾಯುವವರು ಗೆದ್ದಿದ್ದರೆ ಇಂದಿನ ಪಂಡಿತರು ಪಾಠ ಹೇಳುವ ಕವಿತೆಗಳಲ್ಲಿ ಅರ್ಧ ಹುಟ್ಟುತ್ತಲೇ ಇರಲಿಲ್ಲ. ಚಳ್ಳಕೆರೆ ತಾಲ್ಲೂಕಿನ ತಳುಕಿನಲ್ಲಿ ಹುಟ್ಟಿದ ತ. ಸು. ವೆಂಕಣ್ಣಯ್ಯನವರು ಹರಿಹರನ ‘ಬಸವರಾಜದೇವರ ರಗಳೆ’ಯನ್ನು ಸಂಪಾದಿಸಿದವರು. ಆ ಕಾವ್ಯದಲ್ಲಿ ಒಂದು ಸ್ಥಲ ರಗಳೆಯಲ್ಲಿದ್ದರೆ ಮುಂದಿನ ಸ್ಥಲ ಗದ್ಯದಲ್ಲಿದೆ. ಓಡಿಸಿ ನಿಲ್ಲಿಸಿ, ನಿಲ್ಲಿಸಿ ಓಡಿಸಿ ಕೇಳುವವನ ಉಸಿರನ್ನು ಕವಿ ಆಳುತ್ತಾನೆ. ಖಂಡ, ಸೊಲ್ಲು, ಮರಳಿ ಖಂಡ ಎಂಬ ರ‍್ಯಾಪಿನ ಮೈಕಟ್ಟನ್ನು ಕಂಡು ಮೂಗು ಮುರಿಯುವವರು ತಳುಕಿನ ಹಿರಿಯರು ಶೋಧಿಸಿಕೊಟ್ಟ ಪುಸ್ತಕವನ್ನು ಇನ್ನೊಂದು ಸಲ ಬಿಚ್ಚುವುದು ಒಳ್ಳೆಯದು.

ಭಾಷೆಯ ವಿಷಯ ಒಂದು ಉಳಿಯಿತು. ಬರೆಯಲು ಕುಳಿತೊಡನೆ ತರುಣರಿಗೆ ಶಾಲೆಯ ಕನ್ನಡ ನೆನಪಾಗಿ ‘ಹೋಗುತ್ತದೆ’ ಎಂದು ಬರೆಯುತ್ತಾರೆ: ಆರು ಮಾತ್ರೆ, ನಾಲ್ಕು ಅಕ್ಷರ, ಬಾಲದಲ್ಲಿ ಎರಡು ಸಪ್ಪೆ ಲಘು. ಮನೆಯಲ್ಲಿ ಅವರಾಡುವುದು ‘ಹೋಗ್ತೈತೆ’: ಐದು ಮಾತ್ರೆ, ಮೂರು ಅಕ್ಷರ, ತಲೆಯಲ್ಲಿಯೇ ಎರಡು ಗುರುಗಳ ಗುದ್ದು. ಪೆಟ್ಟಿಗೆ ಪೆಟ್ಟು ಕೊಡುವ ಶಕ್ತಿ ಎರಡನೆಯದಕ್ಕೇ ಉಂಟು. ರಾಯದುರ್ಗದ ಗಡಿಯ ಹಳ್ಳಿಗಳಲ್ಲಿ ಮ್ಯಾಸನಾಯಕರ ಎಷ್ಟೋ ಮನೆಗಳಲ್ಲಿ ತೆಲುಗು ಮನೆಮಾತು, ಕನ್ನಡ ಊರಮಾತು. ಒಂದು ಖಂಡದೊಳಗೆ ಎರಡು ಮಾತುಗಳನ್ನು ಹೊರಳಿಸುವ ಹಕ್ಕು ಆ ಮನೆಯ ಹುಡುಗರಿಗೆ ಹುಟ್ಟಿನಿಂದ ಬಂದದ್ದು, ಇಂಗ್ಲಿಷಿನ ನಾಲ್ಕು ಬೈಗುಳಕ್ಕಿಂತ ಅದು ಚೆಲುವು.

ಜಿಲ್ಲೆಯ ಸಾಹಿತ್ಯ ಸಂಘಗಳಿಗೆ ಇದರಲ್ಲಿ ಮಾಡತಕ್ಕ ಕೆಲಸವುಂಟು, ಅದಕ್ಕೆ ಹಣವೂ ಹೆಚ್ಚು ಬೇಡ. ವರ್ಷಕ್ಕೊಂದು ಸಲ ಚಳ್ಳಕೆರೆಯಲ್ಲಿ, ಮರುವರ್ಷ ಮೊಳಕಾಲ್ಮೂರಿನಲ್ಲಿ, ಎರಡು ದಿನದ ಮಟ್ಟಿಗೆ ಸೋಬಾನೆಯ ಹೆಂಗಸರನ್ನೂ ಗಮಕಿಗಳನ್ನೂ ಉರುಮೆಯವರನ್ನೂ ರ‍್ಯಾಪ್ ಬರೆಯುವ ಹುಡುಗ ಹುಡುಗಿಯರನ್ನೂ ಒಂದು ಚಪ್ಪರದ ಕೆಳಗೆ ಕೂರಿಸತಕ್ಕದ್ದು. ಉರುಮೆಯವರಿಗೆ ವೇದಿಕೆಯ ಮೇಲೆ, ಗಮಕಿಗಳ ಪಕ್ಕದಲ್ಲಿ, ಸಮನಾದ ಸಂಭಾವನೆಯೊಡನೆ ಜಾಗ. ಮೊದಲ ದಿನ ತರುಣರು ಲೇಖನಿಯನ್ನೂ ಫೋನನ್ನೂ ಮುಟ್ಟದೆ ಹಿಮ್ಮೇಳದಲ್ಲಿ ಕುಳಿತು ಅಜ್ಜಿಯರು ಎತ್ತಿಕೊಟ್ಟ ಸಾಲನ್ನು ಹಿಡಿದು ಹಾಡಲಿ. ಎರಡನೆಯ ದಿನ ಪಾಳಿ ಬದಲಾಗಲಿ. ಹುಡುಗರು ತಮ್ಮ ಸೊಲ್ಲನ್ನು ಎತ್ತಿಕೊಡಲಿ, ಅಜ್ಜಿಯರು ಹಿಮ್ಮೇಳ ಹಿಡಿಯಲಿ. ಅಜ್ಜಿಯರ ಬಾಯಿಗೆ ಒಗ್ಗದೆ ತೊಡರಿದ ಸಾಲನ್ನು ಅಲ್ಲಿಯೇ ತಿದ್ದಿ ಮತ್ತೆ ಹೇಳಲಿ.